ನಾಲ್ಕು ಸಲ ಸದ್ದಡಗಿದ ಟೀವಿ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದಲೇ. ಎಪ್ಪತ್ತರ ದಶಕದ ಆರಂಭದ ಬ್ರಿಟನ್ನಿನ ಟೀವಿ, ಬೆಳಗಿನಿಂದ ಮುಕ್ತಾಯದವರೆಗೆ ಒಂದಿಡೀ ದಿನದ ಸದ್ದು, ಎಂದು ಹೇಳಿಕೊಂಡು ಬಂದ ಟೇಪುಗಳು ಅವು. ಅವಕ್ಕೆ ನಮ್ಮ ಕಡೆಯ ಬೀರುವಿನ ವಾಸನೆ ಏಕಿರಬೇಕು? ಸುರುಳಿಗಳು ಅಲ್ಲಾಡದಂತೆ ತುರುಕಿದ್ದ ಕಾಗದ ಬಿಡಿಸಿದರೆ ಹಳೆಯ ಕನ್ನಡ ಪತ್ರಿಕೆ. ರಾಗಿ ಧಾರಣೆ, ಮೈಸೂರಿನ ಒಂದು ಸೀರೆ ಅಂಗಡಿಯ ಜಾಹೀರಾತು, ಅರ್ಧ ಬಿಡಿಸಿದ ಪದಬಂಧ. ಅಮೆರಿಕದ ಪ್ಲೆಸೆಂಟನ್ನಿನ ನಮ್ಮ ವರ್ಕ್‌ಶಾಪಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಟೇಪು ತಂದ ಮನುಷ್ಯನಿಗೆ ಅದು ಗೊತ್ತಿರಲಿಲ್ಲ.

“ಮೈಸೂರ ಕಡೆಯವ್ರೇನ್ರಿ ನೀವು?” ಎಂದೆ.

ಐವತ್ತರ ಆಸುಪಾಸಿನ ಆತ ಬೆಚ್ಚಿಬಿದ್ದ. “ಅರೆ, ಕನ್ನಡ! ಹೌದು ಮೇಡಂ, ಅಮ್ಮಿದು ಮೈಸೂರು, ಮಂಡಿ ಮೊಹಲ್ಲಾ. ನಾನು ಬೆಳೆದಿದ್ದೆಲ್ಲ ಬೆಂಗಳೂರು. ಈಗ ಇಲ್ಲೇ ಪಕ್ಕದೂರು ಡಬ್ಲಿನ್‌ನಲ್ಲಿದೀವಿ. ನೋಡಿ ಮೇಡಂ, ಇದು ಎಡಿಟ್ ಗಿಡಿಟ್ ಏನೂ ಆಗಿಲ್ಲ. ಒಂದೇ ದಿನದ್ದು. ಫುಲ್ ಡೇ.”

ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆತ ಹೇಳಿದ ಕಥೆ ಇಷ್ಟು. ಆತನ ತಾಯಿ ಮದುವೆಯಾದ ಹೊಸದರಲ್ಲಿ ಗಂಡನೊಂದಿಗೆ ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿದ್ದರು. ಆಕೆಯ ತಂದೆಗೆ ಮೈಸೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಟೀವಿ ಎನ್ನುವುದನ್ನು ಅವರು ಕಂಡಿರಲಿಲ್ಲ. ಆ ಪೆಟ್ಟಿಗೆ ದಿನವಿಡೀ ಏನು ಮಾತಾಡುತ್ತದೆ ಎಂದು ಮಗಳಿಗೆ ಕಾಗದ ಬರೆದಿದ್ದರಂತೆ. ಮಗಳು ಒಂದು ದಿನ ಟೀವಿಯ ಮುಂದೆ ಮೈಕು ಇಟ್ಟು, ಬೆಳಗಿನಿಂದ ಕೊನೆಯವರೆಗೆ ಟೇಪು ಮಾಡಿ, ಊರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳಿಸಿದ್ದರು. ತಂದೆ ತೀರಿಕೊಂಡ ಮೇಲೆ ಸುರುಳಿಗಳು ಮತ್ತೆ ಅವರ ಕೈಸೇರಿದ್ದವು. ಆ ಕಾಲದ ಎಷ್ಟೋ ಕಾರ್ಯಕ್ರಮಗಳನ್ನು ಅಲ್ಲಿಯ ಟೀವಿಯವರೇ ಅಳಿಸಿಹಾಕಿದ್ದಾರೆ. ಹಾಗಾಗಿ ಬ್ರಿಟನ್ನಿನ ಒಂದು ಸಂಗ್ರಹಾಲಯ ಆಸೆಪಟ್ಟಿತ್ತು. ಆದರೆ ಅವರದೊಂದು ಷರತ್ತು: ಇದು ಒಂದೇ ದಿನದ್ದು, ನಡುವೆ ಕತ್ತರಿ ಆಡಿಲ್ಲ ಎಂದು ಹೊರಗಿನ ತಜ್ಞರು ಬರೆದುಕೊಡಬೇಕು. ಬರೆದುಕೊಟ್ಟರೆ ಸಂಗ್ರಹದಲ್ಲಿ ತಾಯಿಯ ಹೆಸರು ಸೇರುತ್ತದೆ.

ಹೊರಡುವ ಮುಂಚೆ ಆತ ದನಿ ತಗ್ಗಿಸಿದ. “ಇನ್ನೊಂದು ವಿಷ್ಯ ಮೇಡಂ. ಅಮ್ಮಿಗೆ ಇತ್ತೀಚೆಗೆ ಸ್ವಲ್ಪ ಮರೆವು. ಟೇಪಿನ ಕೊನೇಲಿ ಅವರ ಅಬ್ಬಾ ಜೊತೆ, ಅಂದ್ರೆ ನಮ್ಮ ತಾತನ ಜೊತೆ, ಮಾತಾಡಿದೀನಿ ಅಂತಾರೆ. ಫ್ರೆಂಡ್ ಮನೇಲಿ ಹಾಕಿ ನೋಡ್ದೆ, ಕೊನೇಲಿ ಏನೂ ಇಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ನಿಮ್ಮ ರಿಪೋರ್ಟ್ ಬಂದ್ರೆ ಅವರ ಮಾತು ಎಷ್ಟು ನಂಬ್ಬೇಕು ಅಂತ ನಮಗೂ ಒಂದು ಐಡಿಯಾ ಬರುತ್ತೆ.”

ಟೇಪಿನ ಮೇಲೆ ತೀರ್ಪು ಕೊಡುವುದು ನನ್ನ ಕಸುಬು. ತಾಯಿಯ ಮೇಲೂ ಕೊಡಬೇಕಾಗಬಹುದು ಎಂದು ನಾನು ಎಣಿಸಿರಲಿಲ್ಲ. ಆ ಕ್ಷಣಕ್ಕೆ ಸಿಟ್ಟೇ ಬಂತು, ಆದರೂ ರಸೀದಿ ಬರೆದುಕೊಟ್ಟು ಕಳಿಸಿದೆ.

ನನ್ನದೊಂದು ಪದ್ಧತಿಯಿದೆ. ಪರೀಕ್ಷೆ ಮುಗಿಯುವವರೆಗೆ ಟೇಪು ಮಾಡಿದವರೊಂದಿಗೆ ಮಾತಾಡುವುದಿಲ್ಲ. ಅವರ ಕಥೆ ಕಿವಿಗೆ ಬಿದ್ದರೆ ಟೇಪಿನಲ್ಲೂ ಅದೇ ಕೇಳಿಸತೊಡಗುತ್ತದೆ. ಇದನ್ನು ನಾನು ಕಲಿತದ್ದು ಬಾಯಿ ಸುಟ್ಟುಕೊಂಡು. ಕೆಲವು ವರ್ಷಗಳ ಹಿಂದೆ ಬಹಳ ಸಭ್ಯನಾದ ಒಬ್ಬ ಸಂಗ್ರಹಕಾರ, ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಚಿಕ್ಕಪ್ಪ ಮಾಡಿಟ್ಟ ಹಳೆಯ ಟೇಪು ಎಂದು ಒಂದನ್ನು ಕೊಟ್ಟಿದ್ದ. ನಂಬಿ ಸಹಿ ಹಾಕಿದೆ. ಅದು ಐದಾರು ಕಡೆಯಿಂದ ಹೆಕ್ಕಿ ಹೊಲಿದ ಕೌದಿ ಎಂದು ಆಮೇಲೆ ಬಯಲಾಯಿತು. ಜೋಡಣೆ ಕಾಣದಂತೆ ಆತ ನಡುನಡುವೆ ಖಾಲಿ ಕೋಣೆಯ ಸದ್ದು ತುಂಬಿದ್ದ. ನಮ್ಮ ವರ್ಕ್‌ಶಾಪಿನ ಯಜಮಾನ, ಒಳ್ಳೆಯ ಅಮೆರಿಕನ್ ಮುದುಕ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ನಾನು ಮಜ್ಜಿಗೆಯನ್ನೂ ಊದಿ ಕುಡಿಯುವವಳು.

ಮೊದಲ ದಿನ ಟೇಪು ಹಚ್ಚಲೇ ಇಲ್ಲ. ಸುರುಳಿಯನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿದೆ. ಬೆಳಕು ಒಳಗಿಂದ ಹಾಯ್ದು ಕಂದುಬಣ್ಣ ಕಂಡಿತು. ಹಳೆಯ ಕಾಲದ, ಎಳೆದರೆ ಪಟ್ಟನೆ ಮುರಿಯುವ ಜಾತಿ ಅದು. ಅಂಚಿನಲ್ಲಿ ಬಿಳಿ ಬೂಷ್ಟು. ಮುಖಗವಸು ಹಾಕಿಕೊಂಡು, ಒಣ ಬಟ್ಟೆಯ ನಡುವೆ ಟೇಪನ್ನು ಮೆಲ್ಲಗೆ ಸುತ್ತಿ ಸುತ್ತಿ ಒರೆಸಿದೆ. ಮೂರು ಸುರುಳಿಗೆ ಎರಡೂವರೆ ದಿನ ಹಿಡಿಯಿತು. ಮೂರನೆಯ ಸುರುಳಿ ಸುತ್ತುವಾಗ ಬೆರಳಿಗೆ ಏನೋ ತಡೆಯಿತು. ಒಂದು ಜೋಡಣೆ. ಯಾರೋ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಸ್ಟೇಷನರಿ ಅಂಗಡಿಯ ಗಮ್ ಟೇಪಿನಿಂದ ಅಂಟಿಸಿದ್ದರು. ಅಂಟು ಒಸರಿ, ಹಳದಿಯಾಗಿ, ಮೇಲಿನ ಸುತ್ತಿಗೂ ಹಿಡಿದುಕೊಂಡಿತ್ತು.

ಎಡಿಟ್ ಗಿಡಿಟ್ ಏನೂ ಆಗಿಲ್ಲ! ನನಗೆ ನಗು ಬಂತು, ಒಳ್ಳೆಯ ನಗುವಲ್ಲ.

ನಾಲ್ಕನೆಯ ದಿನ ಟೇಪು ಹಚ್ಚಿದೆ. ಮನೆಬಳಕೆಯ ಯಂತ್ರದಲ್ಲಿ, ಸೆಕೆಂಡಿಗೆ ಎರಡು ಇಂಚಿಗೂ ಕಡಿಮೆ ಓಡುವ ನಿಧಾನ ವೇಗದಲ್ಲಿ ಮಾಡಿದ್ದು. ಒಂದು ಮಗ್ಗುಲಿಗೆ ಮೂರು ಗಂಟೆ. ಒಟ್ಟು ಐದು ಮಗ್ಗುಲು ತುಂಬಿದ್ದವು, ಆರನೆಯದು ಖಾಲಿ. ಯಂತ್ರದಲ್ಲಿ ಟೇಪು ಓದುವ ಹೆಡ್ಡಿನ ಓರೆ ಸರಿಪಡಿಸಿ, ಕಿವಿಗೆ ಹೆಡ್‌ಫೋನು ಏರಿಸಿ ಕುಳಿತೆ. ಇಂಥ ಕೆಲಸದಲ್ಲಿ ಅವಸರ ಸಲ್ಲದು. ಹದಿನಾಲ್ಕು ಗಂಟೆಯ ಟೇಪು ಕೇಳಲು ಹದಿನಾಲ್ಕು ಗಂಟೆಯೇ ಬೇಕು.

ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಒಬ್ಬಾಕೆ ಕುರಿಯ ಉಣ್ಣೆ ಹೇಗೆ ನೂಲಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಾಳೆ. ಅದಾದ ಮೇಲೆ ಉದ್ದಕ್ಕೂ ಬರೀ ಸಂಗೀತ. ಆಗ ಕಾರ್ಯಕ್ರಮಗಳ ನಡುವೆ ಪರದೆಯ ಮೇಲೆ ಒಂದು ನಿಶ್ಚಲ ಚಿತ್ರ ಇಟ್ಟು ಸಂಗೀತ ಹಾಕುತ್ತಿದ್ದರು. ಮಧ್ಯಾಹ್ನ ವಾರ್ತೆ. ಮತ್ತೆ ಸಂಗೀತ. ಸಂಜೆ ಮಕ್ಕಳ ಕಥೆ, ವಾರ್ತೆ, ಸಭಿಕರು ಹೋ ಎಂದು ನಗುವ ಒಂದು ಹಾಸ್ಯ, ಕಾಲುವೆ ದೋಣಿಗಳ ಬಗ್ಗೆ ಒಂದು ಚಿತ್ರ, ಹವಾಮಾನ. ಕೊನೆಗೆ ಪ್ರಕಟಣೆಕಾರ ಶುಭರಾತ್ರಿ ಹೇಳುತ್ತಾನೆ. ಇವೆಲ್ಲದರ ನಡುವೆ ಆ ಪುಟ್ಟ ಕೋಣೆ. ಮೈಕಿನ ಹತ್ತಿರ ಬಳೆಯ ಸದ್ದು, ಬಾಗಿಲ ಚಿಲಕ, ಸೌಟು. ಆಗಿನ ಪತ್ರಿಕೆಯ ಟೀವಿ ಪಟ್ಟಿಯನ್ನು ಹುಡುಕಿ ತೆಗೆದು ಮುಂದಿಟ್ಟುಕೊಂಡೆ. ಚಳಿಗಾಲದ ಒಂದು ವಾರದ ದಿನಕ್ಕೆ ಎಲ್ಲವೂ ಸಾಲಾಗಿ ತಾಳೆಯಾದವು.

ತಾಳೆಯಾದದ್ದೇ ನನಗೆ ಸರಿಬರಲಿಲ್ಲ. ನಕಲಿ ಮಾಡುವವನ ಕೈಗೂ ಆ ಪಟ್ಟಿ ಸಿಗುತ್ತದಲ್ಲ?

ತೊಡಕು ಶುರುವಾದದ್ದು ಮಧ್ಯಾಹ್ನದ ವಾರ್ತೆಯಲ್ಲಿ. ಓದುಗನ ದನಿ ಸಣ್ಣಗಾಗುತ್ತ ಆಗುತ್ತ ನಿಂತೇಹೋಯಿತು. ಆರು ನಿಮಿಷ ಟೀವಿಯ ಸದ್ದೇ ಇಲ್ಲ. ಮತ್ತೆ ದನಿ ಮೆಲ್ಲಗೆ ಏರಿತು. ಮೂರೂ ಕಾಲರ ಹೊತ್ತಿಗೆ ಸಂಗೀತದ ನಡುವೆ ಅದೇ ಕಥೆ, ಆರು ನಿಮಿಷ. ಸಂಜೆ ಐದರ ಸುಮಾರಿಗೆ ಮಕ್ಕಳ ಕಥೆಯ ನಡುವೆ, ಈ ಸಲ ನಾಲ್ಕೇ ನಿಮಿಷ. ಎಂಟಕ್ಕೆ ಹಾಸ್ಯದ ನಡುವೆ ಮತ್ತೆ ಆರು. ನಾಲ್ಕು ಸಲ. ಆ ಮಕ್ಕಳ ಕಥೆಯೇ ಸಂಗ್ರಹಾಲಯದವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಭಾಗ. ಕಥೆಯ ನರಿ ಬಾವಿಗೆ ಬೀಳುವ ಹೊತ್ತಿಗೆ ಸದ್ದಡಗಿ, ತಿರುಗಿ ಬರುವಾಗ ಎಲ್ಲರೂ ಟಾಟಾ ಹೇಳುತ್ತಿದ್ದರು.

ರೆಕಾರ್ಡರ್ ನಿಲ್ಲಿಸಿದ್ದರೆ ಟಕ್ ಎಂಬ ಸದ್ದು ಇರಬೇಕಿತ್ತು. ಇರಲಿಲ್ಲ. ಕೋಣೆಯ ಸದ್ದು ಹಾಗೇ ಮುಂದುವರಿದಿತ್ತು. ಹಿಂದೆ ನನ್ನನ್ನು ಏಮಾರಿಸಿದವನದೂ ಇದೇ ಉಪಾಯ: ಎರಡು ಬೇರೆ ದಿನಗಳನ್ನು ಜೋಡಿಸಿ, ನಡುವಿನ ಗೆರೆ ಕಾಣದಂತೆ ಮೇಲೆ ಕೋಣೆಯ ಸದ್ದು ಹರಡುವುದು. ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ತೆರೆಯ ಮೇಲೆ ಗೆರೆಯಾಗಿ ನೋಡಿದೆ. ಸೆಕೆಂಡಿಗೆ ಐವತ್ತು ಅಲೆ. ಅಮೆರಿಕದಲ್ಲಾದರೆ ಅರವತ್ತು ಇರುತ್ತದೆ. ಹಾಗಾಗಿ ಇಲ್ಲಿ ಮಾಡಿದ್ದಲ್ಲ. ಆದರೆ ಮೈಸೂರಿನಲ್ಲೂ ಐವತ್ತೇ! ರೇಡಿಯೋ ರಿಪೇರಿ ಬಲ್ಲ ಮನುಷ್ಯ, ಕೈಯಲ್ಲಿ ಬ್ಲೇಡು, ಮಗಳು ಕಳಿಸಿದ ಹಲವು ದಿನಗಳ ಟೇಪು. ಕೂಡಿಸಿ ಕಳೆದು ಒಂದು ದಿನ ಮಾಡಲು ಇನ್ನೇನು ಬೇಕು? ಮೂರನೆಯ ಸುರುಳಿಯಲ್ಲಿ, ಪ್ರಕಟಣೆಕಾರ ಶುಭರಾತ್ರಿ ಹೇಳಿದ ಮರುಕ್ಷಣವೇ ಆ ಗಮ್ ಟೇಪಿನ ಜೋಡಣೆ ದಾಟುತ್ತಿತ್ತು. ಅದರಾಚೆ ಖಾಲಿ. ತಾಯಿ ಹೇಳಿದ ಮಾತುಕತೆ ಎಲ್ಲೂ ಇರಲಿಲ್ಲ.

ಆ ನಾಲ್ಕು ಖಾಲಿಗಳನ್ನು ದನಿ ಹಿಗ್ಗಿಸಿ ಮತ್ತೆ ಮತ್ತೆ ಕೇಳಿದೆ. ಹಲಗೆಯ ನೆಲ ಕಿರುಗುಡುವುದು ಕೇಳಿಸಿತು. ಕಿರುಗುಟ್ಟಿ, ದೊಪ್ಪೆಂದು ಏನೋ ಊರಿದ ಹಾಗಾಗಿ, ತುಸು ಬಿಟ್ಟು ಮತ್ತೆ ಕಿರುಗುಟ್ಟುತ್ತಿತ್ತು. ಅದು ಒಂದು ಸುತ್ತು. ಮೊದಲ ಖಾಲಿಯಲ್ಲಿ ಅಂಥ ನಾಲ್ಕು ಸುತ್ತು. ಎರಡನೆಯದರಲ್ಲಿ ನಾಲ್ಕು. ಮೂರನೆಯದರಲ್ಲಿ ಮೂರು. ಕೊನೆಯದರಲ್ಲಿ ನಾಲ್ಕು. ಯಾರೋ ಕೋಣೆಯಲ್ಲಿ ಬಗ್ಗಿ ಎದ್ದು ಏನೋ ಮಾಡುತ್ತಿದ್ದಾರೆ! ಯಂತ್ರದ ಬಳಿ ಕುಳಿತು ಟೇಪು ಬದಲಿಸುತ್ತಿದ್ದಾರೆ ಎಂದು ತೀರ್ಮಾನಿಸಿದೆ. ನೋಟ್‌ಬುಕ್ಕಿನಲ್ಲಿ ೪, ೪, ೩, ೪ ಎಂದು ಬರೆದು ಕೆಳಗೆ ಗೆರೆ ಎಳೆದೆ, ಕಳ್ಳನ ಹೆಜ್ಜೆಗುರುತು ಸಿಕ್ಕವರ ಹಾಗೆ.

ಯಜಮಾನ ಎರಡು ಸಲ ಬಂದು ವರದಿ ಎಲ್ಲಿಗೆ ಬಂತು ಎಂದು ಕೇಳಿದ. ಸಂಗ್ರಹಾಲಯದವರಿಗೆ ಶುಕ್ರವಾರ ಕಳಿಸುವುದಾಗಿ ಮಾತು ಕೊಟ್ಟಿದ್ದ. ಗುರುವಾರ ಮಧ್ಯಾಹ್ನ ಟೈಪು ಮಾಡಿದೆ: “ನಾಲ್ಕು ಕಡೆ ವಿವರಿಸಲಾಗದ ಖಾಲಿ, ಒಂದು ಕಡೆ ಕೈಯಿಂದ ಕತ್ತರಿಸಿದ ಗುರುತು. ಒಂದೇ ದಿನದ ಅಖಂಡ ಧ್ವನಿಮುದ್ರಣವೆಂದು ದೃಢೀಕರಿಸಲಾಗದು.” ಯಜಮಾನ ಓದಿ ತಲೆಯಾಡಿಸಿದ. ಹಿಂದಿನದು ಅವನಿಗೂ ನೆನಪಿತ್ತು. ನಾನು ಸಹಿ ಮಾತ್ರ ಹಾಕಲಿಲ್ಲ. ಟೇಪುಗಳನ್ನು ವಾಪಸು ಕೊಟ್ಟು, ಶುಕ್ರವಾರ ಬೆಳಗ್ಗೆ ಹಾಕುತ್ತೇನೆ ಎಂದೆ. ಬೆಲೆಬಾಳುವ ಟೇಪುಗಳನ್ನು ನಾವು ಕೊರಿಯರಿನಲ್ಲಿ ಕಳಿಸುವುದಿಲ್ಲ, ಕೈಯಾರೆ ಮುಟ್ಟಿಸುತ್ತೇವೆ.

ಸಂಜೆ ಫ್ರೀವೇ ತುಂಬಿಕೊಂಡು, ಹತ್ತು ನಿಮಿಷದ ಡಬ್ಲಿನ್ನಿಗೆ ನಲವತ್ತು ನಿಮಿಷ ಹಿಡಿಯಿತು. ಒಂದಕ್ಕೊಂದು ಅಂಟಿದಂತಿರುವ ಹೊಸ ಮನೆಗಳ ಸಾಲಿನಲ್ಲಿ ಅವರದು ಮೂರು ಮಹಡಿಯ ಟೌನ್‌ಹೌಸು. ಮಗ ಬಾಗಿಲು ತೆರೆದ. ಟೀವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾಯಿ ಕುಳಿತಿದ್ದರು. ಸಣ್ಣ ಆಳು, ತಲೆಯ ಮೇಲೆ ಬಿಳಿ ದುಪಟ್ಟಾ, ಚುರುಕು ಕಣ್ಣು.

“ನೀನೇನಾ ಟೇಪಿನೋಳು?” ಎಂದರು. “ಕಟ್ ಗಿಟ್ ಏನೂ ಮಾಡಿಲ್ಲ ತಾನೇ?”

“ಇಲ್ರೀ ಅಮ್ಮಾ.”

“ಎಣಿಸಿ ಕೊಡು. ಮೂರು ಕೊಟ್ಟಿದ್ದು ನಾವು.” ಪೆಟ್ಟಿಗೆ ತೆಗೆಸಿ, ಮುಟ್ಟಿ ಮುಟ್ಟಿ ಎಣಿಸಿದರು. ಆಮೇಲೆ ಪತ್ರಿಕೆಯ ಕಾಗದವನ್ನೂ ಕೇಳಿದರು. ನನ್ನನ್ನು ಇಷ್ಟು ಅನುಮಾನದಿಂದ ನೋಡಿದ ಗಿರಾಕಿ ಇನ್ನೊಬ್ಬರಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸಿಗೆ ಹಿಡಿಸಿದರು.

ಮಗ ಚಹಾ ತಂದಿಟ್ಟ. “ರಿಪೋರ್ಟ್ ಏನಾಯ್ತು ಮೇಡಂ? ಹೇಳಿದ್ನಲ್ಲ, ಎಡಿಟ್ ಆಗಿರೋ ಚಾನ್ಸೇ ಇಲ್ಲ, ಯಾಕಂದ್ರೆ…” ಎನ್ನುತ್ತಿರುವಾಗ ಆತನ ಫೋನಿನಲ್ಲಿ ಬಾಂಗು ಕೇಳಿಸಿತು. ಮಾತು ನಡುವೆ ನಿಂತಿತು. ಆತ ನನ್ನನ್ನೇ ನೋಡುತ್ತಿದ್ದ. ಕೈ ಮಾತ್ರ ತಾನಾಗಿ ಸೋಫಾದ ಮೇಲಿನ ರಿಮೋಟಿಗೆ ಹೋಗಿ ಟೀವಿಯ ಸದ್ದು ಅಡಗಿಸಿತು. ಪಂದ್ಯ ಮೂಕವಾಗಿ ಮುಂದುವರಿಯಿತು. “ಎರಡು ನಿಮಿಷ ಮೇಡಂ, ಮಗ್ರಿಬ್ ನಮಾಜು, ಬಂದೆ,” ಎಂದು ಮೇಲಕ್ಕೆ ಹೋದ. ತಾಯಿ ಕುರ್ಚಿಯನ್ನು ತುಸು ತಿರುಗಿಸಿಕೊಂಡು, ಅಲ್ಲೇ ಕುಳಿತು ಕಣ್ಣು ತಗ್ಗಿಸಿದರು.

ನಾನು ಚಹಾದ ಲೋಟ ಹಿಡಿದು ಸುಮ್ಮನೆ ಕುಳಿತೆ. ಮೇಲೆ ಮರದ ನೆಲ ಕಿರುಗುಟ್ಟಿತು. ದೊಪ್ಪೆಂದಿತು. ತುಸು ಬಿಟ್ಟು ಮತ್ತೆ ಕಿರುಗುಟ್ಟಿತು. ಎರಡನೆಯ ಸುತ್ತು. ನನ್ನ ಬೆರಳು ತಾನಾಗಿ ಎಣಿಸತೊಡಗಿತ್ತು. ಮೂರು.

ನನ್ನ ದಡ್ಡತನಕ್ಕೆ ಏನೆನ್ನಲಿ! ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ರೇಡಿಯೋ ದಿನಾ ಸಂಜೆ ಬಾಂಗು ಕೂಗಿದಾಗ ಸುಮ್ಮನಾಗುತ್ತಿತ್ತು. ಅದು ಸುಮ್ಮನಾದರೆ ನಮ್ಮವ್ವ ದೀಪ ಹಚ್ಚಲು ಏಳುತ್ತಿದ್ದಳು. ಇಪ್ಪತ್ತು ವರ್ಷ ಕೇಳಿದ ಆ ಮೌನವನ್ನು ಹೆಡ್‌ಫೋನಿನಲ್ಲಿ ಕೇಳಿ ಕಳ್ಳನೆಂದು ಬರೆದಿದ್ದೆ.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮೇಲೆ ಮೂರು ಸುತ್ತು ಮುಗಿದು, ಒಂದು ಗಳಿಗೆ ಬಿಟ್ಟು, ಮತ್ತೆರಡು ಸುತ್ತು ಕೇಳಿಸಿತು. ನನ್ನ ಟೇಪಿನಲ್ಲಿ ಆ ಎರಡು ಇರಲಿಲ್ಲ. ಅಲ್ಲಿಗೆ ಅನುಮಾನ ಮತ್ತೆ ಹೆಡೆ ಎತ್ತಿತು.

ತಾಯಿ ಮುಖದ ಮೇಲೆ ಕೈಯಾಡಿಸಿಕೊಂಡು ನನ್ನ ಕಡೆ ತಿರುಗಿದರು. ವರದಿಗೆ ಸಹಿ ಬಿದ್ದಿರಲಿಲ್ಲ. ಇಷ್ಟು ವರ್ಷ ಪಾಲಿಸಿಕೊಂಡು ಬಂದ ಪದ್ಧತಿಯನ್ನು ಮುರಿಯಬೇಕೇ ಬೇಡವೇ ಎಂದು ಲೋಟದ ಚಹಾ ಮುಗಿಯುವವರೆಗೆ ಯೋಚಿಸಿದೆ. ಕೊನೆಗೆ ಕೇಳಿಯೇಬಿಟ್ಟೆ.

“ಅಮ್ಮಾ, ಆ ದಿನ ನಮಾಜಿನ ಹೊತ್ತಿಗೆ ಟೇಪು ಯಾಕ ನಿಲ್ಲಿಸಲಿಲ್ಲ ನೀವು?”

“ಹೆಂಗ್ ನಿಲ್ಸೋದು? ನಮ್ಮ ಯಜಮಾನ್ರು ಗಿರಣಿಗೆ ಹೋಗ್ಬೇಕಾದ್ರೆ ಹೇಳ್ಬಿಟ್ಟು ಹೋಗಿದ್ರು. ಸುರುಳಿ ಮುಗಿಯೋ ತಂಕ ಒಂದು ಗುಂಡೀನೂ ಮುಟ್ಬೇಡ, ನಡುವೆ ನಿಲ್ಸಿದ್ರೆ ಟೇಪು ನುಂಗತ್ತೆ ಅಂತ. ಸೆಕೆಂಡ್ ಹ್ಯಾಂಡ್ ಮೆಶಿನ್ ಕಣಮ್ಮ. ಅದಕ್ಕೇ ಟೀವಿ ಸೌಂಡ್ ಇಳಿಸ್ಬಿಟ್ಟೆ, ಟೇಪು ಅದರ ಪಾಡಿಗೆ ಓಡ್ಲಿ ಅಂತ.”

“ಮಗ್ರಿಬ್‌ಗೆ ಮೂರೇ ಸುತ್ತು ಮಾಡೀರಿ. ನಿಮ್ಮ ಮಗ ಈಗ ಐದು ಮಾಡಿದ್ರು.”

ಅವರು ನನ್ನನ್ನೇ ದಿಟ್ಟಿಸಿದರು. “ನೀನು ಅದನ್ನೂ ಎಣಿಸಿದ್ಯಾ?”

“ನನ್ನ ಕೆಲಸ ಅದ ಅಲ್ರೀ ಅಮ್ಮಾ.”

ತಾಯಿ ಬಾಗಿಲ ಕಡೆ ಒಮ್ಮೆ ನೋಡಿ, ಮಗ ಇಳಿದು ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. “ಮೂರು ಫರ್ಜ್. ಅದು ಬಿಡೋ ಹಂಗಿಲ್ಲ. ಎರಡು ಸುನ್ನತ್, ಬಿಟ್ರೂ ನಮಾಜ್ ಆಗುತ್ತೆ. ಆ ದಿನ ಸುನ್ನತ್ ಎಲ್ಲ ಬಿಟ್ಬಿಟ್ಟೆ. ನಾಲ್ಕು ಹೊತ್ತೂ! ಟೀವಿ ಸೌಂಡ್ ಇಳಿಸಿದ್ರೆ ಅಬ್ಬಾಗೆ ಅಷ್ಟು ಕಥೆ ಹೋಗ್ಬಿಡುತ್ತಲ್ಲ ಅಂತ. ಅಲ್ಲಾ ಮಾಫ್ ಮಾಡ್ಲಿ. ಇದನ್ನ ಯಾರ್ಗೂ ಹೇಳಿಲ್ಲ ನಾನು, ನಿನ್ನ ರಿಪೋರ್ಟ್‌ನಲ್ಲಿ ಬರೀಬೇಡ.”

ಮರೆವಿನ ಹೆಂಗಸು ಎಂದು ನನಗೆ ಹೇಳಿದ್ದರು. ಐವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ದಿನ ತಾನು ಮಾಡದೆ ಬಿಟ್ಟದ್ದನ್ನೂ ಲೆಕ್ಕ ಇಟ್ಟುಕೊಂಡಿದ್ದರು ಈಕೆ.

“ಇನ್ನೊಂದು ಕೇಳತೀನಿ. ಕೊನೀಗೆ ಟೇಪು ಕತ್ತರಿಸ್ಯಾರ. ಯಾರ್ರೀ ಅದು?”

ಅವರು ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡರು. ಇಷ್ಟೆಲ್ಲ ಆಗಿ ಇಲ್ಲಿ ಸುಳ್ಳು ಬರುತ್ತದೇನೋ ಎಂದುಕೊಂಡೆ.

“ಸಿಕ್ಕಿದ್ರೆ ಅದನ್ನ ಆ ಮ್ಯೂಸಿಯಂನೋರಿಗೆ ಕೊಟ್ಬಿಡ್ತೀಯಾ?” ಎಂದರು ಕೊನೆಗೆ.

“ಏನು ಸಿಕ್ಕರ?”

“ಮೊದಲು ಹೇಳು. ಕೊಟ್ಬಿಡ್ತೀಯಾ?”

“ನಕಲು ಮಾಡಿಕೊಂಡು ನಿಮ್ಮ ಕೈಯಾಗ ವಾಪಸ್ ಇಡತೀನಿ.”

“ಅಲ್ಲಾನಾಣೆ ಹೇಳು. ಬೇಡ, ನೀನು ನಿಮ್ಮ ದೇವರಾಣೆ ಹೇಳು, ಅದೇ ಗಟ್ಟಿ.”

ಸಿದ್ಧಾರೂಢರ ಮೇಲೆ ಆಣೆ ಮಾಡಿದೆ. ಅವರು ಎದ್ದು ಒಳಗೆ ಹೋಗಿ ಅಂಗಿಗುಂಡಿಗಳ ಒಂದು ಹಳೆಯ ಡಬ್ಬಿ ತಂದರು. ತಳದಲ್ಲಿ ಮರದ ದಾರದ ರೀಲು. ಅದಕ್ಕೆ ದಾರದ ಬದಲು ಕಂದುಬಣ್ಣದ ಟೇಪು ಸುತ್ತಿತ್ತು. ಮೇಲೊಂದು ಉರ್ದು ಚೀಟಿ.

“ಟೀವಿ ಮುಗಿದ್ಮೇಲೆ ದಿನಾ ರಾಣಿ ಹಾಡು ಹಾಕೋರು ಅಲ್ಲಿ, ಅವ್ರ ರಾಷ್ಟ್ರಗೀತೆ. ಅದಕ್ಕೆ ಎದ್ದು ನಿಲ್ಬೇಕು,” ಎಂದರು. “ನಮ್ಮಬ್ಬಾ ಚಿಕ್ಕೋರಿದ್ದಾಗ ಬ್ರಿಟಿಷರ ಮೇಲೆ ಹೋರಾಟಕ್ಕೆ ಹೋಗಿ ಲಾಠಿ ಏಟು ತಿಂದೋರು. ಆ ಹಾಡು ಕೇಳಿ ಕತ್ತರಿಸ್ಬಿಟ್ರು. ಚೀಟೀಲಿ ಬರ್ದವ್ರೆ ನೋಡು: ಈ ಹಾಡು ನನ್ನ ಅಂಗಡೀಲಿ ಬೇಡ, ನಿನ್ನ ದನಿ ಇದೆ ಅಂತ ಬಿಸಾಕ್ಲಿಲ್ಲ, ನೀನೇ ಇಟ್ಕೋ.”

ಮಗ ಮೆಟ್ಟಿಲ ಮೇಲೆ ನಿಂತಿದ್ದ. “ಅಮ್ಮಿ, ಇದನ್ನ ಹೇಳೇ ಇಲ್ವಲ್ಲ ನೀವು!”

“ಅಬ್ಬಾ ಜೊತೆ ಮಾತಾಡಿದೀನಿ ಅಂತ ಹೇಳ್ದೆ. ಡಾಕ್ಟರ್‌ಗೆ ಫೋನ್ ಮಾಡ್ದೆ ನೀನು,” ಎಂದರು ತಾಯಿ. “ಆಮೇಲೆ ಹೇಳೋಕೆ ಹೋಗ್ಲಿಲ್ಲ. ಹೇಳಿದ್ರೆ ನೀನು ಇದನ್ನೂ ಪೆಟ್ಟಿಗೇಲಿ ಹಾಕಿ ಕಳಿಸ್ತಿದ್ದೆ.” ಆತ ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತ.

ಸುರುಳಿಗಳನ್ನೂ ರೀಲನ್ನೂ ಹೊತ್ತುಕೊಂಡು ಮತ್ತೆ ವರ್ಕ್‌ಶಾಪಿಗೆ ಬಂದೆ. ಕಥೆ ಚೆನ್ನಾಗಿತ್ತು. ಚೆನ್ನಾದ ಕಥೆಗೇ ಹಿಂದೆ ನಾನು ಬಿದ್ದದ್ದು. ಶುಕ್ರವಾರ ಬೆಳಗ್ಗೆ ಯಜಮಾನನಿಗೆ ವರದಿ ತಡೆಹಿಡಿದಿದ್ದೇನೆ ಎಂದೆ. ಆತ ಹಣೆ ಹಿಡಿದುಕೊಂಡ, ಸಂಗ್ರಹಾಲಯಕ್ಕೆ ಸೋಮವಾರ ಎಂದು ಬರೆದ.

ಮೊದಲು ಸೂರ್ಯಾಸ್ತ. ಮೂರನೆಯ ಮೌನ ಮಗ್ರಿಬ್ಬಿನದೇ ಆದರೆ, ಆ ದಿನ ಆ ಊರಿನಲ್ಲಿ ಸೂರ್ಯ ಮುಳುಗಿದ ಮೇಲೆ ಶುರುವಾಗಿರಬೇಕು. ಲೆಕ್ಕ ಹಾಕಿದರೆ ಒಂದು ಗಂಟೆ ವ್ಯತ್ಯಾಸ ಬಂತು! ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿದದ್ದು, ಆ ಕೆಲವು ವರ್ಷ ಬ್ರಿಟನ್ನಿನಲ್ಲಿ ಚಳಿಗಾಲದಲ್ಲೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿರಲಿಲ್ಲ ಎಂದು. ಆ ಒಂದು ಗಂಟೆ ಸೇರಿಸಿದೆ. ಮೌನ ಶುರುವಾದದ್ದು ಸೂರ್ಯ ಮುಳುಗಿ ಐದೇ ನಿಮಿಷಕ್ಕೆ. ಬೇರೆ ಬೇರೆ ದಿನಗಳನ್ನು ಹೊಲಿದವನಿಗೆ ಇದು ಹೊಳೆಯುವ ಮಾತಲ್ಲ.

ಆಮೇಲೆ ಟೇಪು. ಹಳೆಯ ಗಮ್ ಟೇಪನ್ನು ಔಷಧಿ ಹಾಕಿ ಬಿಡಿಸಿ, ಎರಡೂ ತುದಿಗಳನ್ನು ಶುಚಿ ಮಾಡಿದೆ. ದಾರದ ರೀಲಿನ ತುಂಡು ಎರಡೂವರೆ ಮೀಟರಿಗೆ ತುಸು ಕಡಿಮೆ ಇತ್ತು. ಆ ವೇಗದಲ್ಲಿ ಐವತ್ತು ಸೆಕೆಂಡು. ಅದರ ತುದಿಯನ್ನು ಸುರುಳಿಯ ತುದಿಯ ಪಕ್ಕ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬ್ಲೇಡಿನ ಬಾಯಲ್ಲಿ ಒಂದು ಸಣ್ಣ ಮುಕ್ಕು ಇದ್ದಿರಬೇಕು. ಕತ್ತರಿಸಿದ ಅಂಚಿನ ನಡುವೆ ಒಂದು ಹಲ್ಲು ಎದ್ದಿತ್ತು, ಎದುರಿನ ಅಂಚಿನಲ್ಲಿ ಅದಕ್ಕೆ ಸರಿಯಾದ ಕಚ್ಚು. ಎರಡೂ ಒಂದರೊಳಗೊಂದು ಕೂತವು. ಇನ್ನೊಂದು ತುದಿಯೂ ಹಾಗೇ. ನಾನು ಅಲ್ಲಿಗೇ ಬಿಡದೆ ಮತ್ತೆರಡು ಸಲ ನೋಡಿದೆ. ಆಮೇಲೆ ಕನ್ನಡಕ ತೆಗೆದಿಟ್ಟೆ.

ವರದಿ ಹೊಸದಾಗಿ ಬರೆದೆ. ಮೊದಲಿನ ನಮೂನೆಯಲ್ಲಿ ನಾಲ್ಕು ಮೌನಗಳು “ನ್ಯೂನತೆ” ಎಂಬ ಅಂಕಣದಲ್ಲಿದ್ದವು. ಅವನ್ನು ಅಲ್ಲಿಂದ ತೆಗೆದು, ದಿನವನ್ನು ಖಚಿತಪಡಿಸುವ ಆಧಾರಗಳ ಅಂಕಣಕ್ಕೆ ಸೇರಿಸಿದೆ: ಧ್ವನಿಮುದ್ರಿಸಿದವರು ಪ್ರಾರ್ಥನೆಗಾಗಿ ಟೀವಿಯ ಸದ್ದು ಇಳಿಸಿದ್ದು, ಟೇಪು ನಿಂತಿಲ್ಲ. ಕತ್ತರಿಸಿದ್ದನ್ನು ಮುಚ್ಚಿಡಲಿಲ್ಲ: ಒಂದು ಕಡೆ ಕತ್ತರಿ, ಕತ್ತರಿಸಿದವರು ಈ ಟೇಪಿನ ಮೊದಲ ಕೇಳುಗರು, ತುಂಡು ದೊರೆತು ತಾಳೆಯಾಗಿದೆ. ಸುನ್ನತ್ತಿನ ವಿಷಯ ಬರೆಯಲಿಲ್ಲ. ಸಹಿ ಹಾಕಿದೆ.

ಸೋಮವಾರ ಮಧ್ಯಾಹ್ನ ತಾಯಿ ಮಗ ಇಬ್ಬರನ್ನೂ ಕರೆಸಿದೆ. ತುಂಡನ್ನು ಅದರ ಜಾಗದಲ್ಲಿ ಸೇರಿಸಿ ಹಚ್ಚಿದೆ. ಪ್ರಕಟಣೆಕಾರ ಶುಭರಾತ್ರಿ ಹೇಳಿದ. ಡೋಲು ಬಡಿದು ವಾದ್ಯಗಳು ಎದ್ದವು. ಅದರ ಮೇಲೆಯೇ, ಮೈಕಿಗೆ ಬಾಯಿ ಹತ್ತಿರ ತಂದು, ಇಪ್ಪತ್ತರ ಹುಡುಗಿಯೊಬ್ಬಳು ನಗು ತಡೆದುಕೊಂಡು ದಖನಿ ಉರ್ದುವಿನಲ್ಲಿ ಹೇಳಿದಳು: “ಅಬ್ಬಾ, ಯೇ ಇನ್ಕೀ ರಾನೀಕಾ ಗಾನಾ. ತುಮೇ ಉಠೋ ನಕ್ಕೋ, ಬೈಠೋ.”

ಮಗ ತಾಯಿಯ ಕೈ ಹಿಡಿದುಕೊಂಡ. ನಾಳೆಯ ಅಪಾಯಿಂಟ್‌ಮೆಂಟ್ ಬೇಡ ಬಿಡಿ ಅಮ್ಮಿ, ಎಂದ. “ಇರ್ಲಿ, ಮಂಡಿನೋವು ತೋರ್ಸೋಣ,” ಎಂದರು ಅವರು, ಕಣ್ಣು ಟೇಪಿನ ಮೇಲಿಂದ ತೆಗೆಯದೆ. ನಾನು ಮಾತು ಕೊಟ್ಟ ಹಾಗೆ ತುಂಡನ್ನು ಬಿಡಿಸಿ, ದಾರದ ರೀಲಿಗೆ ಸುತ್ತಿ, ಅವರ ಅಂಗೈಯಲ್ಲಿ ಇಟ್ಟೆ. ಅವರು ಅದರ ಎರಡೂ ತುದಿ ಹಿಡಿದು ನೋಡಿದರು, ನಾನೇನಾದರೂ ಕದ್ದೆನೇ ಎಂದು.

“ಏಳಬ್ಯಾಡ್ರಿ, ಕೂತೇ ಇರ್ರಿ ಅಂತ ಅಷ್ಟು ಹೇಳೀರಿ,” ಎಂದೆ. “ನಿಮ್ಮ ಅಬ್ಬಾ ಕೂತಿದ್ರಾ?”

“ಎಲ್ಲಿ ಕೂತ್ರು? ಬ್ಲೇಡ್ ತರೋಕೆ ಎದ್ದೇಬಿಟ್ರಲ್ಲ.”